ಪೋರ್ಷೆ 914ರ ಪೆಟ್ರೋಲ್ ಲೈನು ಬದಲಾವಣೆ: ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ

ಗಾಡಿ: 1973ರ ಪೋರ್ಷೆ 914, 2.0 ಲೀಟರ್, ಬಾಷ್ ಡಿ-ಜೆಟ್ರಾನಿಕ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಒತ್ತಡದಲ್ಲಿ ಎಂಜಿನ್ನಿಗೆ ಚಿಮ್ಮಿಸುವ ವ್ಯವಸ್ಥೆ; ಚಿಮ್ಮಿಸುವ ಮೂತಿಯೇ ಇಂಜೆಕ್ಟರ್. ಟ್ಯಾಂಕು ಮುಂದೆ, ಎಂಜಿನ್ ಸೀಟಿನ ಹಿಂದೆ. ನಡುವೆ ಗಾಡಿಯ ನಡುಸುರಂಗದಲ್ಲಿ ಎರಡು ಪ್ಲಾಸ್ಟಿಕ್ ಲೈನುಗಳು: ಒಂದು ಪೆಟ್ರೋಲ್ ಹೋಗಲು, ಇನ್ನೊಂದು ಉಳಿದದ್ದು ವಾಪಸ್ ಬರಲು. ಆ ಪ್ಲಾಸ್ಟಿಕ್ಕಿಗೆ ಈಗ ಐವತ್ತು ವರ್ಷ ದಾಟಿದೆ. ಬೆರಳಲ್ಲಿ ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ.

914ಕ್ಕೆ ಬೆಂಕಿಗಾಡಿ ಎಂಬ ಅಪಖ್ಯಾತಿ ಬರಲು ಜಾಗಗಳ ಜೋಡಣೆಯೇ ಕಾರಣ. ಬ್ಯಾಟರಿ ಇರುವುದು ಎಂಜಿನ್ ಕೋಣೆಯ ಬಲಮೂಲೆಯಲ್ಲಿ. ಅದರಿಂದ ತೊಟ್ಟಿಕ್ಕುವ ಆಸಿಡ್ ಕೆಳಗಿನ ತಗಡನ್ನು ತಿನ್ನುತ್ತದೆ. ಈ ಗಾಡಿಯ ಅಭಿಮಾನಿಗಳು ಆ ಮೂಲೆಗೆ ನರಕದ ಗುಂಡಿ ಎಂದೇ ಹೆಸರಿಟ್ಟಿದ್ದಾರೆ. ಪೆಟ್ರೋಲ್ ಲೈನು ಹಾದುಹೋಗುವುದೂ ಅಲ್ಲೇ, 1973ರ ಗಾಡಿಯಲ್ಲಿ ಪಂಪು ಕೂತಿರುವುದೂ ಅದೇ ಬದಿಯಲ್ಲಿ, ಎಗ್ಸಾಸ್ಟ್ ಹೀಟ್ ಎಕ್ಸ್‌ಚೇಂಜರ್ ಪಕ್ಕ. ಅಂದರೆ ಹಳೇ ಹೋಸ್, ಆಸಿಡ್, ಕಾದ ಕಬ್ಬಿಣ, ವಿದ್ಯುತ್ ತಂತಿ ಎಲ್ಲಾ ಒಂದೇ ಮೂಲೆಯಲ್ಲಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಬಿರುಕು ಬಿಟ್ಟ ಹೋಸ್ ಹನಿ ಉದುರಿಸುತ್ತದೆ. ಇಲ್ಲಿ ಒಳಗೆ 2 ಬಾರ್ ಒತ್ತಡ ಇರುವುದರಿಂದ ಅದೇ ಬಿರುಕು ಪೆಟ್ರೋಲನ್ನು ಸಣ್ಣಗೆ ಚಿಮ್ಮಿಸುತ್ತದೆ, ಚಿಮ್ಮಿದ್ದು ಆವಿಯಾಗಲು ಹೊತ್ತು ಬೇಕಿಲ್ಲ. ಹಾಗಾಗಿ ಇಲ್ಲಿ "ಎಲ್ಲಿ ಸೋರುತ್ತಿದೆಯೋ ಅಷ್ಟನ್ನೇ ಬದಲಿಸೋಣ" ಎನ್ನುವ ಲೆಕ್ಕ ನಡೆಯುವುದಿಲ್ಲ. ಎಲ್ಲಾ ಹೋಸ್‌ಗಳೂ ಒಂದೇ ವಯಸ್ಸಿನವು. ಒಂದು ಹೋಗಿದ್ದರೆ ಉಳಿದವು ಸರತಿಯಲ್ಲಿ ನಿಂತಿವೆ.

ಹೋಸ್ ಆಯ್ಕೆ

ತಪ್ಪು ಹೆಚ್ಚು ಆಗುವುದು ಪಾನಾ ಕೈಗೆತ್ತಿಕೊಳ್ಳುವ ಮೊದಲು, ಅಂಗಡಿಯಲ್ಲಿ. ಕೌಂಟರಿನಲ್ಲಿ "ಪೆಟ್ರೋಲ್ ಪೈಪ್ ಕೊಡಿ" ಅಂದರೆ ಸಿಗುವುದು ಸಾಮಾನ್ಯವಾಗಿ ಎಸ್‌ಎಇ ಜೆ30 ಎಂಬ ಅಮೆರಿಕದ ಹೋಸ್ ಮಾನಕದ ಆರ್6 ಅಥವಾ ಆರ್7 ದರ್ಜೆ. ಇವುಗಳ ಕೆಲಸದ ಒತ್ತಡ 50 ಪಿಎಸ್‌ಐ, ಅಂದರೆ ಸುಮಾರು 3.4 ಬಾರ್. ಡಿ-ಜೆಟ್ರಾನಿಕ್‌ನದು 2 ಬಾರ್, ಅಂದರೆ 29 ಪಿಎಸ್‌ಐ. ಕಾಗದದ ಮೇಲೆ ಆರ್7 ಸಾಕು, "ಒತ್ತಡ ಮಿತಿಯೊಳಗೇ ಇದೆಯಲ್ಲ" ಎಂದು ವಾದಿಸುವವರು ಹೇಳುವುದೂ ಇದನ್ನೇ. ಆದರೆ ಹೋಸನ್ನು ಕೊಲ್ಲುವುದು ಒತ್ತಡವೊಂದೇ ಅಲ್ಲ. ಗಾಳಿಯಿಂದ ತಣಿಯುವ ಎಂಜಿನ್ನಿನ ತಗಡಿನ ಮೇಲೆ ಬಿಸಿಯಲ್ಲೇ ಮಲಗಿರುವ ರಬ್ಬರಿಗೆ ಒಳಗಿನಿಂದ ಎಥನಾಲ್ ಬೆರೆತ ಪೆಟ್ರೋಲ್ ಕೆಲಸ ಕೊಡುತ್ತಿರುತ್ತದೆ. ಮಾಮೂಲಿ ರಬ್ಬರಿನ ಮೆದುತನ ಕಾಯುವ ಎಣ್ಣೆಯ ಅಂಶವನ್ನು ಅದು ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ಹೋಸ್ ಒಣಗಿದಾಗ ಒಳಗೋಡೆ ಸೀಳುತ್ತದೆ.

ಅದೇ ಮಾನಕದ, ಇಂಜೆಕ್ಷನ್ನಿಗೆಂದೇ ಇರುವ ಆರ್9ರ ಒಳಪದರ ಎಫ್‌ಕೆಎಂ ಎಂಬ ಫ್ಲೋರಿನ್ ರಬ್ಬರಿನದು. ಎಥನಾಲಿಗೂ ಬಿಸಿಗೂ ಜಗ್ಗುವುದಿಲ್ಲ, ಪೆಟ್ರೋಲಿನ ಆವಿ ಗೋಡೆಯಿಂದ ಹೊರಗೆ ಜಿನುಗುವುದೂ ತೀರಾ ಕಡಿಮೆ. ಒತ್ತಡದ ಮಿತಿ 100 ಪಿಎಸ್‌ಐ. ಟ್ಯಾಂಕಿನ ಬಾಯಿಂದ ಕೊನೆಯ ಇಂಜೆಕ್ಟರಿನವರೆಗೆ, ವಾಪಸ್ ಲೈನೂ ಸೇರಿ, ಎಲ್ಲಾ ಕಡೆ ಆರ್9 ಹಾಕಿ. ವಾಪಸ್ ಲೈನಿನಲ್ಲಿ ಒತ್ತಡ ಇಲ್ಲವಲ್ಲ ಎಂದು ಅಲ್ಲಿ ಅಗ್ಗದ್ದು ಹಾಕಿದರೆ, ಮುಂದೆ ರಿಪೇರಿಗೆ ಬಂದವರು ಉಳಿದ ಚೂರನ್ನು ತೆಗೆದು ಒತ್ತಡದ ಬದಿಗೆ ಹಾಕುತ್ತಾರೆ. ಎರಡು ಥರದ ಹೋಸ್ ಡಬ್ಬದಲ್ಲಿ ಇರಲೇಬಾರದು.

ಬಟ್ಟೆ ಹೆಣೆದ ಜರ್ಮನ್ ಹೋಸ್, ಅಂದರೆ ಡಿಐಎನ್ 73379 ಎಂದು ಮುದ್ರೆ ಇರುವುದು, ನೋಡಲು ಫ್ಯಾಕ್ಟರಿಯದೇ ಅನ್ನಿಸುತ್ತದೆ. ಪ್ರದರ್ಶನಕ್ಕೆ ಒಯ್ಯುವವರಿಗೆ ಅದರ ಮೇಲೆ ಆಸೆ. ತೊಂದರೆ ಏನೆಂದರೆ ರಬ್ಬರಿನ ಬಿರುಕನ್ನು ಬಟ್ಟೆ ಮುಚ್ಚಿಡುತ್ತದೆ. ಮೇಲೆ ಥಳಕು ಒಳಗೆ ಹುಳುಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗ್ಯಾರೇಜಿನಲ್ಲಿ ಸಿಗುವುದಿಲ್ಲ. ಆ ನೋಟವೇ ಬೇಕಿದ್ದರೆ ಎಫ್‌ಕೆಎಂ ಪದರದ ಬಟ್ಟೆ ಹೋಸ್ ಹುಡುಕಿ; ಇಲ್ಲದಿದ್ದರೆ ಕಪ್ಪು ರಬ್ಬರೇ ಲೇಸು. ಮುದ್ರೆ ಇಲ್ಲದ ಹೋಸನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಅಲ್ಲೇ ಬಿಟ್ಟು ಬನ್ನಿ.

ಭಾರತದಲ್ಲಿ ಓದುತ್ತಿರುವವರಿಗೆ ಒಂದು ಮಾತು. 914 ಇರದಿರಬಹುದು, ಆದರೆ 2025ರ ಹೊತ್ತಿಗೆ ಬಂಕುಗಳಲ್ಲಿ ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್, ಸಾಮಾನ್ಯವಾಗಿದೆ. ತೊಂಬತ್ತರ ದಶಕದ ಇಂಜೆಕ್ಷನ್ ಕಾರುಗಳ ಮೂಲ ಹೋಸ್‌ಗಳಿಗೂ ಮೇಲಿನ ಮಾತೆಲ್ಲಾ ಅನ್ವಯ. ಅವುಗಳ ಒತ್ತಡ ಸಾಮಾನ್ಯವಾಗಿ ಡಿ-ಜೆಟ್ರಾನಿಕ್‌ಗಿಂತ ಹೆಚ್ಚೇ ಇರುತ್ತದೆ, ಹಾಗಾಗಿ ಅಲ್ಲಿ ಕಾಗದದ ಮೇಲೂ ಆರ್7ರ ಮಿತಿಗೆ ಹೆಚ್ಚು ಅಂತರ ಉಳಿಯದಿರಬಹುದು.

ಅಳತೆ ಮತ್ತು ಸಾಮಾನು

914ರ ಬಾರ್ಬ್‌ಗಳು, ಅಂದರೆ ಹೋಸ್ ಏರುವ ಉಂಗುರದ ಮೂತಿಗಳು, ಮೆಟ್ರಿಕ್ ಅಳತೆಯವು. ಇಂಚಿನ ಹೋಸ್‌ನಲ್ಲಿ 5/16 ಅಂದರೆ 7.9 ಮಿಮೀ. 7 ಮಿಮೀ ಹೋಸಿಗೆಂದು ಮಾಡಿದ ಮೂತಿಗೆ ಇದು ಸಡಿಲವಾಗಿ ಕೂರುತ್ತದೆ. ಬಿಗಿದಾಗ ರಬ್ಬರ್ ಒಂದು ಕಡೆ ಮಡಚಿಕೊಂಡು ಉದ್ದಕ್ಕೂ ಸಣ್ಣ ಕಾಲುವೆ ಮಾಡುತ್ತದೆ, ಎಷ್ಟು ಬಿಗಿದರೂ ಆ ಕಾಲುವೆಯಿಂದ ಜಿನುಗುತ್ತದೆ. ಇದಕ್ಕೆ ಮದ್ದು ಇನ್ನಷ್ಟು ಬಿಗಿಯುವುದಲ್ಲ, ಸರಿ ಅಳತೆಯ ಹೋಸ್ ತರುವುದು. ವರ್ನಿಯರ್ ಹಿಡಿದು ಪ್ರತಿ ಮೂತಿಯನ್ನೂ ಅಳೆದು ಬರೆದುಕೊಂಡೇ ಆರ್ಡರ್ ಮಾಡಿ. ಹೋಸ್ ಏರಿಸಲು ತುಸು ಬಲ ಬೇಕಾಗಬೇಕು. ಜಾರಿಕೊಂಡು ಹೋಯಿತೆಂದರೆ ಅದು ದೊಡ್ಡದು.

ಕ್ಲಾಂಪುಗಳ ಲೆಕ್ಕ ಹೀಗೆ: ನಾಲ್ಕು ಇಂಜೆಕ್ಟರಿಗೆ ಎರಡೆರಡು, ಎಂಟು. ಎರಡು ರೈಲುಗಳ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗಳ) ನಡುವಿನ ಹೋಸಿಗೆ ಎರಡು, ತಣ್ಣಗಿನ ಎಂಜಿನ್ನಿಗೆ ಹೆಚ್ಚುವರಿ ಪೆಟ್ರೋಲ್ ಕೊಡುವ ಕೋಲ್ಡ್ ಸ್ಟಾರ್ಟ್ ವಾಲ್ವಿಗೆ ಎರಡು, ಒತ್ತಡ ಹದದಲ್ಲಿಡುವ ರೆಗ್ಯುಲೇಟರಿಗೆ ನಾಲ್ಕು, ಫಿಲ್ಟರಿಗೂ ಪಂಪಿಗೂ ಸೇರಿ ಎಂಟು, ಟ್ಯಾಂಕಿನ ಕೆಳಗೆ ನಾಲ್ಕು, ಸುರಂಗದ ಎರಡು ತುದಿಗೆ ನಾಲ್ಕು. 32 ಆಯಿತು, 40 ತನ್ನಿ. ಪಟ್ಟಿಯಲ್ಲಿ ತೂತು ಕೊರೆದ ಮಾಮೂಲಿ ಸ್ಕ್ರೂ ಕ್ಲಾಂಪು ಬೇಡ. ಆ ತೂತುಗಳು ರಬ್ಬರನ್ನು ತುರಿಮಣೆಯಂತೆ ಕೆರೆಯುತ್ತವೆ. ಅಂಚು ಮೇಲಕ್ಕೆ ಸುತ್ತಿದ, ನಟ್ ಬೋಲ್ಟಿನಿಂದ ಬಿಗಿಯುವ ಇಂಜೆಕ್ಷನ್ ಕ್ಲಾಂಪೇ ಬೇಕು. ಇವುಗಳ ಹಿಡಿತದ ವ್ಯಾಪ್ತಿ ಒಂದೆರಡು ಮಿಮೀ ಮಾತ್ರ, ಆದ್ದರಿಂದ ಹೋಸ್ ಕೈಗೆ ಬಂದ ಮೇಲೆ ಅದರ ಹೊರವ್ಯಾಸ ಅಳೆದು ಕ್ಲಾಂಪು ಕೊಳ್ಳಿ. ದೊಡ್ಡದಾದರೆ ಕಿವಿಗಳೆರಡೂ ಒಂದಕ್ಕೊಂದು ತಾಗಿ ನಿಂತುಬಿಡುತ್ತವೆ. ಬೋಲ್ಟ್ ಬಿಗಿಯಾಗಿದೆ ಅನ್ನಿಸುತ್ತದೆ, ಹೋಸ್ ಸಡಿಲವೇ ಇರುತ್ತದೆ.

ಇದರ ಜೊತೆಗೆ ಇಂಜೆಕ್ಷನ್ನಿನ ಲೋಹದ ಫಿಲ್ಟರ್, ಟ್ಯಾಂಕಿನ ಒಳಗಿನ ಜಾಲರಿ, ಟ್ಯಾಂಕಿನ ಮೂತಿಯ ಸೀಲು, ತಗಡು ತೂರುವಲ್ಲೆಲ್ಲಾ ಹೊಸ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಉಂಗುರ), ಇಂಜೆಕ್ಟರಿನ ರಬ್ಬರ್ ಸೀಲುಗಳ ಪೂರ್ತಿ ಸೆಟ್. 0–4 ಬಾರ್ ಒತ್ತಡ ಮಾಪಕ ಮತ್ತು ಅದಕ್ಕೊಂದು ಟಿ. ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ, ಗೋಡೆಯ ಮೊಳೆಯಲ್ಲಲ್ಲ.

ಬಿಚ್ಚುವುದು

ಬ್ಯಾಟರಿಯನ್ನು ಬರೀ ಕಳಚಿದರೆ ಸಾಲದು, ಗಾಡಿಯಿಂದ ಹೊರಗೇ ಇಡಿ. ಟ್ಯಾಂಕು ಹಿಡಿಯುವುದು 62 ಲೀಟರ್. ಕಾಲು ಭಾಗಕ್ಕೆ ಇಳಿದ ಮೇಲೆ ಕೆಲಸ ಶುರು ಮಾಡಿದರೆ ಒಂದೇ ಕ್ಯಾನು ಸಾಕು. ಕೆಲಸ ಬಯಲಲ್ಲಿ ಅಥವಾ ಎರಡೂ ಕಡೆ ಬಾಗಿಲು ತೆರೆದ ಶೆಡ್ಡಿನಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಹೋಗುತ್ತದೆ. ಪಕ್ಕದ ಕೋಣೆಯ ಗೀಸರು, ಫ್ರಿಜ್ಜು ಕೂಡ ಲೆಕ್ಕಕ್ಕೆ ಬರಬೇಕು.

ಟ್ಯಾಂಕು ಹೊರಗೆ ತೆಗೆಯದೆ ಮೂತಿಗಳಿಗೆ ಕೈ ಹೋಗುವುದು ಕಷ್ಟ. ಪಟ್ಟಿ ಬಿಚ್ಚಿ, ತುಂಬುವ ಕೊಳವೆ ಕಳಚಿ ಎತ್ತಿದರೆ ಟ್ಯಾಂಕು ಮೇಲಕ್ಕೆ ಬರುತ್ತದೆ. ಆವಿಯ ಸಣ್ಣ ಕೊಳವೆಗಳನ್ನು ಬಿಚ್ಚುವ ಮೊದಲು ಫೋಟೋ ತೆಗೆದು, ಟೇಪು ಸುತ್ತಿ ಗುರುತು ಹಾಕಿ. ಇವನ್ನು ತಿರುಗುಮುರುಗು ಜೋಡಿಸಿದರೆ ಗಾಡಿಯೊಳಗೆ ಸದಾ ಪೆಟ್ರೋಲ್ ವಾಸನೆ, ಕಾರಣ ಹುಡುಕುತ್ತಾ ತಿಂಗಳು ಕಳೆಯಬಹುದು. ಟ್ಯಾಂಕಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಅಂಟು ಕಂಡರೆ ಟ್ಯಾಂಕಿಗೂ ಚಿಕಿತ್ಸೆ ಬೇಕು. ಅದಿಲ್ಲದೆ ಹೊಸ ಲೈನು ಹಾಕುವುದೆಂದರೆ ಹೊಸ ನಲ್ಲಿಗೆ ಹಳೇ ಕೆಸರು ಕೊಟ್ಟ ಹಾಗೆ.

ಪಂಪಿನ ಮೇಲೆ ಅಚ್ಚೊತ್ತಿದ ಅಕ್ಷರಗಳನ್ನು ಓದಿ. ಮೂರು ಬಾಯಿಯ ಪಂಪಾದರೆ ಎಸ್, ಡಿ, ಆರ್ ಎಂದಿರುತ್ತದೆ. ಜರ್ಮನ್ ಪದಗಳ ಮೊದಲಕ್ಷರ ಅವು: ಎಸ್ ಹೀರುವ ಬಾಯಿ, ಡಿ ಒತ್ತಡದ್ದು, ಆರ್ ವಾಪಸ್ಸು. ಎರಡು ಬಾಯಿಯ ಪಂಪು ಹಾಕಿರುವ ಗಾಡಿಗಳೂ ಸಾಕಷ್ಟಿವೆ, ಅದರಲ್ಲಿ ವಾಪಸ್ಸಿನ ಬಾಯಿ ಇರುವುದಿಲ್ಲ. ಡಿ ಅನ್ನೂ ಆರ್ ಅನ್ನೂ ಅದಲುಬದಲು ಮಾಡಿದರೆ ಪಂಪು ಗುಂಯ್‌ಗುಡುತ್ತದೆ, ರೈಲಿನಲ್ಲಿ ಒತ್ತಡ ಏರುವುದೇ ಇಲ್ಲ.

ಇಂಜೆಕ್ಟರಿನ ಹಳೇ ಹೋಸ್ ಅಚ್ಚಿನಲ್ಲೇ ಕೂತಂತಿರುತ್ತದೆ, ಬುಡದಲ್ಲೊಂದು ಲೋಹದ ಬಟ್ಟಲು. ಚಾಕುವಿನಿಂದ ಉದ್ದಕ್ಕೆ ಸೀಳಿ ಕೀಳುವುದು ರೂಢಿ, ಆದರೆ ಚಾಕು ಮೂತಿಯ ಮೇಲೆ ಗೀರು ಹಾಕಿದರೆ ಆ ಗೀರು ಜೀವನವಿಡೀ ಜಿನುಗುವ ದಾರಿಯಾಗುತ್ತದೆ. ರಬ್ಬರಿನ ಮುಕ್ಕಾಲು ದಪ್ಪದವರೆಗೆ ಮಾತ್ರ ಕೊಯ್ದು, ಉಳಿದದ್ದನ್ನು ಇಕ್ಕಳದಲ್ಲಿ ಬಿಡಿಸಿ ಸುಲಿಯಿರಿ. ಸಿಪ್ಪೆಯಂತೆ ಬರುತ್ತದೆ. ಬಟ್ಟಲನ್ನು ಕೀಳಬೇಡಿ, ಹೊಸ ಹೋಸಿನ ಬುಡಕ್ಕೂ ಅದು ಆಸರೆ. ವಿದ್ಯುತ್ ಪ್ಲಗ್ಗುಗಳಿಗೂ ಗುರುತು ಹಾಕಿ. ಡಿ-ಜೆಟ್ರಾನಿಕ್ ನಾಲ್ಕು ಇಂಜೆಕ್ಟರುಗಳನ್ನು ಎರಡು ಜೋಡಿಯಾಗಿ ಚಿಮ್ಮಿಸುತ್ತದೆ, 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಪ್ಲಗ್ಗಿನ ಹಿಂದಿನ ರಬ್ಬರ್ ಟೊಪ್ಪಿಗೆ ಎಳೆದು ನೋಡಿದರೆ ತಂತಿಯ ಹೊದಿಕೆ ಉದುರುವುದು ಕಾಣಬಹುದು. ಕಂಡರೆ ಅದನ್ನೂ ಈಗಲೇ ಮುಗಿಸಿ.

ಸುರಂಗದ ಲೈನು

ಕೆಲಸದ ಸೊಂಟ ಮುರಿಯುವ ಭಾಗ ಇದು. ಅನೇಕರು ಎರಡು ತುದಿಯ ರಬ್ಬರ್ ಬದಲಿಸಿ ಪ್ಲಾಸ್ಟಿಕ್ ಲೈನನ್ನು ಹಾಗೇ ಬಿಡುವುದು ಇಲ್ಲಿಯ ಕಷ್ಟ ನೋಡಿಯೇ. ಆದರೆ ಹೊಸ ಬಿಗಿ ಕ್ಲಾಂಪು ಬಿದ್ದೊಡನೆ ಆ ಗರಿಗರಿ ಪ್ಲಾಸ್ಟಿಕ್ ತುದಿಯಲ್ಲೇ ಒಡೆಯುತ್ತದೆ, ಒಡೆದರೆ ಪೆಟ್ರೋಲ್ ಸುರಿಯುವುದು ಇಬ್ಬರ ಸೀಟಿನ ನಡುವೆ.

ಎರಡು ದಾರಿಗಳಿವೆ. ಒಂದು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಇನ್ನೊಂದು ಪಿಎ12 ನೈಲಾನ್. ಎಂಜಿನ್ ಇಳಿಸಿದ್ದರೆ ಸ್ಟೀಲೇ ಸರಿ, ಹಿಂಬದಿಯ ತಗಡಿನ ಕಡೆಯಿಂದ ಉದ್ದನೆಯ ಕೊಳವೆ ತೂರಿಸಲು ಜಾಗ ಸಿಗುತ್ತದೆ. ಎಂಜಿನ್ ಗಾಡಿಯಲ್ಲೇ ಇದ್ದರೆ ಸ್ಟೀಲನ್ನು ಅಷ್ಟು ಬಗ್ಗಿಸಿ ಒಳಗೆ ಬಿಡುವಷ್ಟರಲ್ಲಿ ಎಲ್ಲೋ ಒಂದು ಕಡೆ ಸೊಟ್ಟ ಮಡಿಕೆ ಬೀಳುತ್ತದೆ. ಆಗ ನೈಲಾನ್ ಉತ್ತಮ: ಹಳೇ ಲೈನಿನ ತುದಿಗೆ ಗಟ್ಟಿ ದಾರ ಕಟ್ಟಿ ಇನ್ನೊಂದು ಕಡೆಯಿಂದ ನಿಧಾನವಾಗಿ ಎಳೆದರೆ ದಾರ ಬರುತ್ತದೆ, ದಾರದ ಹಿಂದೆ ಹೊಸ ಲೈನು. ಹಳೇ ಲೈನು ನಡುವೆ ಮುರಿಯುವುದು ಖಚಿತ ಅನ್ನಿಸಿದರೆ ಮೊದಲೇ ಎಲೆಕ್ಟ್ರಿಷಿಯನ್‌ಗಳು ಬಳಸುವ ಸ್ಪ್ರಿಂಗ್ ತಂತಿ ತೂರಿಸಿಟ್ಟುಕೊಳ್ಳಿ.

ವ್ಯಾಸದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಪಂಪು ಹಿಂದೆ ಇರುವ ಗಾಡಿಯಲ್ಲಿ ಸುರಂಗದ ಲೈನು ಹೀರುವ ಲೈನು. ಇಂಥ ಪಂಪು ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ಪುಕ್ಕಲು. ಹೀರುವ ಬದಿ ಸಣ್ಣದಾದರೆ ಅಲ್ಲಿ ಒತ್ತಡ ಕುಸಿದು, ಬಿಸಿ ಪೆಟ್ರೋಲ್ ಅಲ್ಲೇ ಗುಳ್ಳೆಯೇಳುತ್ತದೆ; ಬೇಸಗೆಯಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸ್ಟಾರ್ಟೇ ಆಗದಿರುವುದು ಇದರಿಂದಲೇ. ಹಾಗಾಗಿ ಪಂಪು ಹಿಂದೆಯೇ ಉಳಿಯುವುದಾದರೆ ಹೋಗುವ ಲೈನು 3/8 ಇಂಚು ಅಥವಾ 10 ಮಿಮೀ ಹೊರವ್ಯಾಸ, ವಾಪಸ್ಸಿಗೆ 8 ಮಿಮೀ. ಪಂಪನ್ನು ಮುಂದಕ್ಕೆ ತರುವುದಾದರೆ ಎರಡೂ 8 ಮಿಮೀ ಸಾಕು.

ಮುಂದಕ್ಕೆ ತರುವುದೇ ನಮ್ಮ ಮತ. ಪೋರ್ಷೆ ಕೂಡ 1975ರ ಮಾದರಿಯಲ್ಲಿ ಪಂಪನ್ನು ಟ್ಯಾಂಕಿನ ಬಳಿಗೆ ಒಯ್ದಿತು. ಹಾಗೆ ಮಾಡಿದಾಗ ಎರಡು ವಿಷಯ ಮರೆಯಬಾರದು. ಸುರಂಗದ ಲೈನು ಈಗ 2 ಬಾರ್ ಹೊರುತ್ತದೆ, ಅದರ ಎರಡೂ ತುದಿಯ ಜೋಡಣೆ ಇಂಜೆಕ್ಟರಿನ ಜೋಡಣೆಯಷ್ಟೇ ಗಂಭೀರ. ಎರಡನೆಯದು, ಪಂಪಿನ ತಂತಿಯನ್ನು ಮುಂದಕ್ಕೆ ಉದ್ದ ಮಾಡುವಾಗ ಧ್ರುವ ತಪ್ಪದಿರಲಿ. ಕಂದು ತಂತಿ ಅರ್ಥಿಂಗ್. ತಿರುಗುಮುರುಗಾದರೆ ಮೋಟರು ಹಿಮ್ಮುಖ ತಿರುಗುತ್ತದೆ, ಸದ್ದು ಮಾಮೂಲಿ, ಪೆಟ್ರೋಲ್ ಮಾತ್ರ ಬರುವುದಿಲ್ಲ.

ಸ್ಟೀಲ್ ಕೊಳವೆಯ ತುದಿಯನ್ನು ನುಣುಪಾಗಿ ಕತ್ತರಿಸಿ ಹಾಗೇ ಹೋಸ್ ಏರಿಸಬೇಡಿ. ತುದಿಯಲ್ಲಿ ಉಬ್ಬು ಅಂಚು ಬೇಕು. ಕೊಳವೆಯ ತುದಿ ಅಗಲಿಸುವ ಫ್ಲೇರಿಂಗ್ ಉಪಕರಣದಲ್ಲಿ ಮೊದಲ ಹಂತದಷ್ಟೇ ಒತ್ತಿದರೆ ಗುಳ್ಳೆಯಂಥ ಉಬ್ಬು ಬರುತ್ತದೆ, ಕ್ಲಾಂಪು ಅದರ ಹಿಂದೆ ಕೂರಬೇಕು. ನುಣುಪು ಕೊಳವೆಯ ಮೇಲಿನ ಹೋಸ್ ಮೊದಲ ದಿನ ಹಿಡಿದುಕೊಂಡಿರುತ್ತದೆ, ಬಿಸಿ ತಣ್ಣಗೆ ನಾಲ್ಕಾರು ಸುತ್ತು ಆದ ಮೇಲೆ ಜಾರುತ್ತದೆ. ನೈಲಾನಿನ ಮೇಲೆ ನೇರ ಹೋಸ್ ಹಾಕಿ ಕ್ಲಾಂಪು ಬಿಗಿಯುವುದೂ ತಪ್ಪು. ಕೊಳವೆ ಒಳಕ್ಕೆ ಕುಗ್ಗುತ್ತದೆ. ಹಿತ್ತಾಳೆಯ ಜೋಡಿ ಮೂತಿ ಹಾಕಿ, ನೈಲಾನನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಏರಿಸಿ. ಲೈಟರಿನ ಉರಿ ತೋರಿಸಿದರೆ ನೈಲಾನ್ ಹಾಳು, ಪೆಟ್ರೋಲಿನ ಪಕ್ಕದಲ್ಲಿ ಉರಿ ತೋರಿಸುವುದಂತೂ ಬೇಡವೇ ಬೇಡ.

ಸುರಂಗದಲ್ಲಿ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಗೇರಿನ ಸರಳು ಎಲ್ಲಾ ಓಡುತ್ತವೆ. ಸ್ಟೀಲ್ ಲೈನು ಇವಕ್ಕೆ ತಾಗಿದರೆ ಝಣಝಣ ಸದ್ದು, ಆಮೇಲೆ ಸವೆತ. ಹಳೇ ಹೋಸಿನ ತುಂಡನ್ನು ಸೀಳಿ ತೋಳಿನಂತೆ ತೊಡಿಸಿದರೆ ಸಾಕು. ಒಳಗೆ ಟಾರ್ಚು ಬಿಟ್ಟಾಗ ಕ್ಲಚ್ ಕೇಬಲ್ಲಿನ ಕೊಳವೆಯ ಬೆಸುಗೆಯನ್ನೂ ನೋಡಿಬಿಡಿ. ಅದು ಬಿಡುವುದು ಈ ಗಾಡಿಯ ಇನ್ನೊಂದು ಹಳೇ ಕಾಯಿಲೆ, ಪೆಟ್ರೋಲ್ ಲೈನು ಹಾಕಿದ ಮೇಲೆ ಅಲ್ಲಿ ವೆಲ್ಡಿಂಗ್ ಮಾಡಲಾಗದು.

ಜೋಡಣೆ

ಹೋಸ್ ಕತ್ತರಿಸಲು ಹೊಸ ಬ್ಲೇಡು, ಒಂದೇ ಏಟಿಗೆ, ನೇರಕ್ಕೆ. ಗರಗಸ ಹಿಡಿದರೆ ರಬ್ಬರ್ ಪುಡಿ ಒಳಗೆ ಉಳಿಯುತ್ತದೆ, ಆ ಪುಡಿ ಇಂಜೆಕ್ಟರಿನ ಸೂಜಿಯ ಬುಡಕ್ಕೆ ಹೋಗಿ ಕೂರುತ್ತದೆ. ಕತ್ತರಿಸಿದ ಪ್ರತಿ ತುಂಡಿಗೂ ಗಾಳಿ ಊದಿ. ಏರಿಸುವಾಗ ಒಂದು ತೊಟ್ಟು ಪೆಟ್ರೋಲ್ ಅಥವಾ ತೆಳು ಎಂಜಿನ್ ಆಯಿಲ್ ಸಾಕು. ಸಿಲಿಕಾನ್ ಅಂಟು, ಗ್ಯಾಸ್ಕೆಟ್ ಪೇಸ್ಟು ಯಾವ ಜೋಡಣೆಗೂ ಬೇಡ.

ಕ್ಲಾಂಪು ಹೋಸಿನ ತುದಿಯಿಂದ ಎರಡು ಮೂರು ಮಿಮೀ ಒಳಗೆ, ಮೂತಿಯ ಉಂಗುರ ದಾಟಿದ ಮೇಲೆ. ರಬ್ಬರ್ ಪಟ್ಟಿಯ ಅಂಚಿಗೆ ಸ್ವಲ್ಪ ಉಬ್ಬುವಷ್ಟು ಬಿಗಿ, ಅದಕ್ಕಿಂತ ಹೆಚ್ಚು ಬೇಡ. ಒಂದೇ ಮೂತಿಗೆ ಎರಡು ಕ್ಲಾಂಪು ಹಾಕುವುದು ಭದ್ರತೆಯಲ್ಲ. ಎರಡನೆಯದು ಸಾಮಾನ್ಯವಾಗಿ ಉಂಗುರದ ಮೇಲೆಯೇ ಕೂತು ಹೋಸನ್ನು ಕತ್ತರಿಸುತ್ತದೆ. ಹೋಸ್ ತಗಡು ತೂರುವಲ್ಲಿ ಗ್ರಾಮೆಟ್ ಇಲ್ಲದೆ ಒಂದು ಕಿಲೋಮೀಟರೂ ಓಡಿಸಬೇಡಿ.

ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರಿಗೆ ಜಾಗ ಇದ್ದರೆ ಅದು ಪಂಪಿನ ಮೊದಲು, ಹೀರುವ ಬದಿಯಲ್ಲಿ ಮಾತ್ರ. ಪಂಪು ದಾಟಿದ ಮೇಲೆ ಲೋಹದ ಫಿಲ್ಟರ್, ಬಾಣದ ಗುರುತು ಎಂಜಿನ್ ಕಡೆಗೆ.

ಇಂಜೆಕ್ಟರುಗಳಿಗೆ ಜೋಡಿಸುವ ಮೊದಲು ಲೈನು ತೊಳೆಯಿರಿ. ಬ್ಯಾಟರಿಯನ್ನು ತಾತ್ಕಾಲಿಕವಾಗಿ ಜೋಡಿಸಿ, ರೈಲಿಗೆ ಹೋಗುವ ಹೋಸಿನ ತುದಿಯನ್ನು ಕ್ಯಾನಿನೊಳಗೆ ಇಳಿಸಿ, ಪಂಪಿನ ರಿಲೇ ಮೂಲಕ ಒಂದು ಲೀಟರಿನಷ್ಟು ಓಡಿಸಿ. ಆ ಪೆಟ್ರೋಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಕಪ್ಪು ಚೂರು ಕಂಡರೆ ಮತ್ತೊಂದು ಲೀಟರು.

ಇಂಜೆಕ್ಟರಿನ ಸೀಲುಗಳ ವಿಷಯದಲ್ಲಿ ಡಿ-ಜೆಟ್ರಾನಿಕ್‌ನ ಸ್ವಭಾವ ತಿಳಿದಿರಬೇಕು. ಗಾಳಿ ಅಳೆಯುವ ಎಲ್-ಜೆಟ್ರಾನಿಕ್‌ನಲ್ಲಿ ಸೀಲು ಸೋರಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕುಂಟುತ್ತದೆ. ಡಿ-ಜೆಟ್ರಾನಿಕ್ ಅಳೆಯುವುದು ಮ್ಯಾನಿಫೋಲ್ಡಿನ, ಅಂದರೆ ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯ, ಒತ್ತಡವನ್ನು. ಕಳ್ಳಗಾಳಿ ಬಂದರೆ ಅದಕ್ಕೆ ತಕ್ಕ ಪೆಟ್ರೋಲನ್ನೂ ಅದೇ ಕೊಡುತ್ತದೆ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರಿ ಕೂರುತ್ತದೆ. ಕೆಲಸ ಮುಗಿಸಿದ ಮೇಲೆ ಐಡಲ್ ಇಳಿಯದಿದ್ದರೆ ಸ್ಕ್ರೂ ತಿರುಗಿಸುವ ಮೊದಲು ಇಂಜೆಕ್ಟರಿನ ಬುಡ ನೋಡಿ.

ಒತ್ತಡ ಮತ್ತು ಸೋರಿಕೆ

ಮಾಪಕವನ್ನು ಕೋಲ್ಡ್ ಸ್ಟಾರ್ಟ್ ವಾಲ್ವಿನ ಹೋಸಿಗೆ ಟಿ ಹಾಕಿ ಜೋಡಿಸಿ. ಕೀ ತಿರುಗಿಸಿದಾಗ ಪಂಪು ಒಂದೆರಡು ಸೆಕೆಂಡು ಮಾತ್ರ ಓಡಿ ನಿಲ್ಲುತ್ತದೆ, ಅದು ದೋಷವಲ್ಲ. ಖಾಲಿ ಲೈನು ತುಂಬಲು ನಾಲ್ಕೈದು ಸಲ ಕೀ ತಿರುಗಿಸಬೇಕು. ಸ್ಟಾರ್ಟ್ ಮಾಡುವ ಮೊದಲೇ ಪ್ರತಿ ಜೋಡಣೆಯ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿ ಎಳೆಯಿರಿ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಇನ್ನೊಬ್ಬರು ಅಗ್ನಿಶಾಮಕ ಹಿಡಿದು ನಿಂತಿರಲಿ.

ಡಿ-ಜೆಟ್ರಾನಿಕ್ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಕೊಳವೆ ಇರುವುದಿಲ್ಲ. ನಿಮ್ಮ ಗಾಡಿಯದರಲ್ಲಿ ಇದ್ದರೆ ಯಾರೋ ಬೇರೆ ಗಾಡಿಯದು ತಂದು ಹಾಕಿದ್ದಾರೆ, 1.8 ಲೀಟರಿನ ಎಲ್-ಜೆಟ್ರಾನಿಕ್ 914ರಲ್ಲಿ ಅದು ಸಹಜ, ಅಲ್ಲಿ ಒತ್ತಡ 2.5 ಬಾರ್. ನಮ್ಮದರಲ್ಲಿ 2.0 ಬಾರ್, ಐಡಲ್‌ನಲ್ಲೂ ವೇಗದಲ್ಲೂ ಒಂದೇ. ಲಾಕ್‌ನಟ್ ಸಡಿಲಿಸಿ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ. ಚಿಮ್ಮುವ ಪೆಟ್ರೋಲ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ: 2.0 ಇದ್ದದ್ದು 2.2 ಆದರೆ ಸುಮಾರು 5% ಹೆಚ್ಚು. ಕರಿಹೊಗೆ, ಕಪ್ಪು ಪ್ಲಗ್ಗು ಎಂದು ಕಂಪ್ಯೂಟರನ್ನು ಬೈಯುವ ಮೊದಲು ಈ ಸ್ಕ್ರೂ ನೋಡಬೇಕಾದ್ದು ಇದಕ್ಕೇ. ಹಳೇ ಫಿಲ್ಟರ್ ಕಟ್ಟಿಕೊಂಡಿದ್ದಾಗ ಯಾರಾದರೂ ಒತ್ತಡ ಏರಿಸಿಟ್ಟಿದ್ದರೆ, ಹೊಸ ಲೈನಿನೊಂದಿಗೆ ಅದು ಈಗ ಅತಿಯಾಗುತ್ತದೆ.

ಎಂಜಿನ್ ಪೂರ್ತಿ ಕಾಯುವವರೆಗೆ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಟಿಶ್ಯೂ ಪರೀಕ್ಷೆ ಮಾಡಿ. ನಿಂತ ಮೇಲೆ ಎಂಜಿನ್ ಕೋಣೆ ಇನ್ನಷ್ಟು ಕಾಯುತ್ತದೆ, ಸೋರಿಕೆ ಬಯಲಾಗುವುದು ಆಗಲೇ. ಹೊಸ ರಬ್ಬರ್ ಮೊದಲ ಬಿಸಿಗೆ ಕ್ಲಾಂಪಿನಡಿ ತುಸು ಕುಗ್ಗುವುದರಿಂದ ಎಲ್ಲಾ ಕ್ಲಾಂಪುಗಳಿಗೂ ಮರುದಿನ ತಣ್ಣಗಿದ್ದಾಗ ಕಾಲು ಸುತ್ತಿನಷ್ಟು ಕೆಲಸ ಇರುತ್ತದೆ. 500 ಕಿಮೀ ಓಡಿದ ಮೇಲೆ ಇನ್ನೊಮ್ಮೆ.

ಬ್ಯಾಟರಿ ವಾಪಸ್ ಇಡುವಾಗ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಡಿ. ಆಸಿಡ್ ಹೊರಬಾರದ ಸೀಲ್ ಬ್ಯಾಟರಿ ಸಿಕ್ಕರೆ ಇನ್ನೂ ಒಳ್ಳೆಯದು. ಹೋಸ್ ಹಾಕಿದ ತಿಂಗಳು, ವರ್ಷವನ್ನು ಬಿಳಿ ಪೇಂಟ್ ಪೆನ್ನಿನಲ್ಲಿ ಹೋಸಿನ ಮೇಲೆಯೇ ಬರೆಯಿರಿ. ಎಂಜಿನ್ ಕೋಣೆಯ ರಬ್ಬರಿಗೆ ಐದು ವರ್ಷ ಎಂದು ಇಟ್ಟುಕೊಳ್ಳಿ, ಮೀಟರಿನಲ್ಲಿ ಎಷ್ಟೇ ಕಡಿಮೆ ಕಿಲೋಮೀಟರ್ ತೋರಿಸುತ್ತಿದ್ದರೂ.